ಮಳೆಗಾಲಕ್ಕೆ ಕೂಡಿಟ್ಟ ಕೆಲಸ

2020ರ ಏಪ್ರಿಲ್ ತಿಂಗಳಿನಲ್ಲಿ ನನ್ನ ಕಚೇರಿ ನಮ್ಮ ಮನೆಯ ಹಿಂದಿನ ಸೊಪ್ಪಿನ ಬೆಟ್ಟದ ಮೇಲಿತ್ತು. ಮತ್ತಿ ಮರದ ಬುಡದಲ್ಲಿ ಮಂಡಿಯೆತ್ತರದ ಒಂದು ಕಲ್ಲು, ಅದರ ಮೇಲೆ ಮಡಿಸಿದ ಗೋಣಿಚೀಲ, ತೊಡೆಯ ಮೇಲೆ ಲ್ಯಾಪ್‌ಟಾಪ್. ಮೊಬೈಲನ್ನು ಮಾತ್ರ ಹತ್ತಿರ ಇಟ್ಟುಕೊಳ್ಳುವಂತಿರಲಿಲ್ಲ. ನಾಲ್ಕು ಮಾರು ಆಚೆಯ ಇನ್ನೊಂದು ಮರದ ಕವಲಿನಲ್ಲಿ ಅದನ್ನು ಸಿಕ್ಕಿಸಿಟ್ಟರೆ ಎರಡು ಕಡ್ಡಿ ಸಿಗ್ನಲ್ ಬರುತ್ತಿತ್ತು. ಕೈಗೆ ತೆಗೆದುಕೊಂಡರೆ ಒಂದು ಕಡ್ಡಿ, ಅದೂ ಬಂದು ಹೋಗಿ ಮಾಡುತ್ತಿತ್ತು. ಆ ಕವಲನ್ನು ಹುಡುಕಿಕೊಳ್ಳಲು ನನಗೆ ಮೂರು ದಿನ ಹಿಡಿದಿತ್ತು. ಹತ್ತು ಗಂಟೆಯ ಮೀಟಿಂಗಿಗೆ ಒಂಬತ್ತೂವರೆಗೇ ಹೊರಡುತ್ತಿದ್ದೆ. ತಿಂಗಳ ಕೊನೆಗೆ ಮಧ್ಯಾಹ್ನದ ಗುಡುಗು ಶುರುವಾದಾಗ ಆಯಿ ಹಿತ್ತಿಲ ಬಾಗಿಲಲ್ಲಿ ನಿಂತು, ‘ತಂಗೀ, ಮೋಡ ಆಗ್ತಾ ಇದ್ದು, ಕೊಡೆ ತಗಂಡು ಹೋಗು’ ಎಂದು ಕೂಗಿ ಹೇಳುತ್ತಿದ್ದಳು.

ನಾನು ಮಾಡುವುದು ತಂತ್ರಾಂಶಗಳ ಕೈಪಿಡಿ ಬರೆಯುವ ಕೆಲಸ. ಬೆಂಗಳೂರಿನ ಕಂಪನಿಯೊಂದರಲ್ಲಿ ಹನ್ನೊಂದು ವರ್ಷ ಅದನ್ನು ನಿಗದಿಯಾದ ಒಂದು ಮೇಜಿನ ಮುಂದೆ ಕುಳಿತು ಮಾಡಿದ್ದೆ. ಆ ವರ್ಷ ಯುಗಾದಿಗೆಂದು ಶಿರಸಿ ಸಮೀಪದ ನಮ್ಮ ಊರಿಗೆ ಬಂದೆ. ಹಬ್ಬದ ದಿನವಾದ ಮಾರ್ಚ್ 25ರಂದೇ ದೇಶದ ಲಾಕ್‌ಡೌನ್ ಜಾರಿಗೆ ಬಂದು, ಬಂದವಳು ಬಂದಲ್ಲಿಯೇ ಉಳಿದೆ. ಕಂಪನಿಯಿಂದ ಬಂದ ಪತ್ರದಲ್ಲಿ ಇನ್ನು ಮುಂದೆ ಎಲ್ಲಿಂದಲಾದರೂ ಕೆಲಸ ಮಾಡಬಹುದು ಎಂದು ಬರೆದಿತ್ತು. ಅದನ್ನು ಓದಿ ನಿಜಕ್ಕೂ ಸಂತೋಷಪಟ್ಟಿದ್ದೆ. ವಯಸ್ಸಾದ ಅಪ್ಪ, ಆಯಿ ಇಬ್ಬರೇ ಇರುವ ಮನೆ, ಮೂರು ಎಕರೆ ಅಡಿಕೆ ತೋಟ. ಊರಿನಲ್ಲಿದ್ದುಕೊಂಡೇ ನೌಕರಿ ಮಾಡುವ ಅವಕಾಶವನ್ನು ನಾನು ಬಹಳ ವರ್ಷಗಳಿಂದ ಬಯಸಿದ್ದೆ. ಆದರೆ ‘ಎಲ್ಲಿಂದಲಾದರೂ’ ಎಂಬ ಮಾತಿನ ವ್ಯಾಪ್ತಿಯೊಳಗೆ ನಮ್ಮ ಮನೆ ಸೇರಿರಲಿಲ್ಲ ಎಂಬುದು ಮರುದಿನವೇ ತಿಳಿಯಿತು.

ಅದಕ್ಕೆ ಕಾರಣ ನಮ್ಮ ಭೂಮಿಯ ಆಕಾರದಲ್ಲಿಯೇ ಇದೆ. ಅಡಿಕೆಗೆ ನೀರು ಬೇಕು, ನೆರಳು ಬೇಕು, ಗಾಳಿಯ ಹೊಡೆತದಿಂದ ರಕ್ಷಣೆ ಬೇಕು. ಆದ್ದರಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟಗಳೆಲ್ಲ ಇರುವುದು ಎರಡು ಗುಡ್ಡಗಳ ನಡುವಿನ ಕೊಳ್ಳದಲ್ಲಿ, ಹಳ್ಳದ ಬದಿಗೆ. ತೋಟದ ಅಂಚಿಗೆ ಮನೆ, ಮನೆಯ ಬೆನ್ನಿಗೆ ಸೊಪ್ಪಿನ ಬೆಟ್ಟ. ತೋಟಕ್ಕೆ ಹಸಿರು ಸೊಪ್ಪು, ದರಕು ತರಲೆಂದು ಬ್ರಿಟಿಷರ ಕಾಲದಿಂದಲೂ ತೋಟಿಗರಿಗೆ ಬಿಟ್ಟುಕೊಟ್ಟ ಬೆಟ್ಟ ಇದು. ಹಿರಿಯರು ನೀರನ್ನು ನೋಡಿ ಮನೆ ಕಟ್ಟಿದರು. ಮೊಬೈಲಿನ ಅಲೆಗಳಿಗೆ ಬೇಕಾಗಿರುವುದು ಇದಕ್ಕೆ ತದ್ವಿರುದ್ಧವಾದ ಜಾಗ. ಅವು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. 900 ಮೆಗಾಹರ್ಟ್ಸ್‌ನ ಅಲೆ ಸುಮಾರು 33 ಸೆಂಟಿಮೀಟರ್ ಉದ್ದವಿದ್ದು ಗುಡ್ಡದ ನೆತ್ತಿಯಲ್ಲಿ ಕೊಂಚ ಬಾಗಿ ಈಚೆಗೆ ಇಳಿಯಬಲ್ಲದು, 4ಜಿ ಸೇವೆಗೆ ಬಳಸುವ 2300 ಮೆಗಾಹರ್ಟ್ಸ್‌ನ ಅಲೆ 13 ಸೆಂಟಿಮೀಟರಿನದಾದ್ದರಿಂದ ಅದಕ್ಕೆ ಆ ಬಾಗುವಿಕೆ ಇನ್ನೂ ಕಡಿಮೆ. ಪೇಟೆಯ ಟವರಿಗೂ ನಮಗೂ ನಡುವೆ ಒಂದು ಗುಡ್ಡ ಅಡ್ಡವಿದ್ದರೆ ಮನೆ ಆ ಗುಡ್ಡದ ನೆರಳಿನಲ್ಲಿ ಬೀಳುತ್ತದೆ. ಹಾಗಾಗಿ ಘಟ್ಟದ ಮೇಲಿನ ನಮ್ಮಂಥವರಿಗೆ ಫೋನು ಮಾಡುವುದೆಂದರೆ ಗುಡ್ಡ ಹತ್ತುವುದೆಂದೇ ಅರ್ಥವಾಗಿತ್ತು. ಕುಮಟಾದಲ್ಲಿರುವ ನನ್ನ ಅತ್ತಿಗೆಗೆ ಇದನ್ನು ವಿವರಿಸಿ ಹೇಳಬೇಕಾಗುತ್ತದೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಹೆದ್ದಾರಿ ಮತ್ತು ರೈಲುಹಳಿಯ ಗುಂಟ ಟವರುಗಳಿವೆ, ಎದುರಿಗೆ ಅಡ್ಡಿಯಿಲ್ಲದ ಸಮುದ್ರವಿದೆ. ದಡದಿಂದ ಸಾಕಷ್ಟು ದೂರ ಹೋದ ದೋಣಿಯವರೂ ಬಂದರಿನಲ್ಲಿ ಮೀನಿನ ದರ ಎಷ್ಟಿದೆ ಎಂದು ಕೇಳಿಕೊಳ್ಳಬಲ್ಲರು.

ಮಳೆ ಬಂದರೆ ಟವರ್ ಹೋಗುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಆದರೆ ಮೊಬೈಲು ಬಳಸುವ ಅಲೆಗಳಿಗೆ ಮಳೆಯ ಹನಿಯಿಂದ ಆಗುವ ನಷ್ಟ ಬಹಳ ಸ್ವಲ್ಪ. ಒದ್ದೆ ಎಲೆಗಳು ಅಲೆಯನ್ನು ಹೀರುತ್ತವೆ, ಚದುರಿಸುತ್ತವೆ, ಅದು ನಿಜ. ಅದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ನಮ್ಮ ಕಣ್ಣಿಗೆ ಕಾಣದ ಎರಡು ಕಡೆ. ಕಾಡಿನ ನಡುವಿನ ಟವರುಗಳಲ್ಲಿ ಕೆಲವು ತಮ್ಮ ಮುಂದಿನ ಟವರಿನೊಂದಿಗೆ ಮಾತಾಡುವುದು ಮೈಕ್ರೋವೇವ್ ಕೊಂಡಿಯ ಮೂಲಕ; ಹತ್ತು ಗಿಗಾಹರ್ಟ್ಸ್‌ಗಿಂತ ಮೇಲಿನ ಆ ಅಲೆಗಳನ್ನು ಜಡಿಮಳೆ ಚೆನ್ನಾಗಿಯೇ ತಡೆಯುತ್ತದೆ. ಇನ್ನೊಂದು ಕರೆಂಟು. ಮರ ಬಿದ್ದು ತಂತಿ ತುಂಡಾದರೆ ಟವರಿನ ಬ್ಯಾಟರಿ ಕೆಲವು ಗಂಟೆ ದುಡಿದು ಸುಮ್ಮನಾಗುತ್ತದೆ, ಡೀಸೆಲ್ ತಂದು ಹಾಕುವವರು ಆ ಮಳೆಯಲ್ಲಿ ಬರಬೇಕು. ಆ ಜೂನಿನಲ್ಲಿ ಬೆಟ್ಟದ ಕಲ್ಲನ್ನು ನಾನು ಬಿಡಲೇಬೇಕಾಯಿತು. ಉಂಬಳ ಕಾಲಿಗೆ ಹತ್ತುವುದನ್ನು ಸಹಿಸಬಹುದಿತ್ತು. ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಟೈಪು ಮಾಡುವುದು ಆಗುವ ಮಾತಾಗಿರಲಿಲ್ಲ.

ನಿಸ್ತಂತು ಎಂಬ ಪದವನ್ನು ನಾವು ತಂತಿಯಿಂದ ಸಿಕ್ಕ ಬಿಡುಗಡೆ ಎಂಬ ಅರ್ಥದಲ್ಲಿ ಕೇಳಿಸಿಕೊಳ್ಳುತ್ತೇವೆ. ಅಮೆರಿಕದಲ್ಲಿ 1985ರಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ತರಂಗಪಟ್ಟಿಗಳನ್ನು ಇಂಥ ಸಂಪರ್ಕಕ್ಕೆ ತೆರೆದದ್ದರಿಂದ, 1997ರಲ್ಲಿ ವೈಫೈಗೆ ಮೂಲವಾದ 802.11 ಎಂಬ ಮಾನಕ ಬಂದದ್ದರಿಂದ, ಮತ್ತು ನಮ್ಮ ದೇಶದಲ್ಲಿ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿದ್ದರಿಂದ, ಕಂಪ್ಯೂಟರು ಗೋಡೆಯ ಸಾಕೆಟ್ಟನ್ನು ಬಿಟ್ಟು ಈಚೆಗೆ ಬರಲು ಸಾಧ್ಯವಾಯಿತು. ನನ್ನ ಮಟ್ಟಿಗೆ ಅದರಿಂದಾದ ಪ್ರಯೋಜನ ಸಣ್ಣದಲ್ಲ. ಅಪ್ಪನಿಗೆ ಜ್ವರ ಬಂದ ದಿನ ಅವರ ಮಂಚದ ಪಕ್ಕ ಕುಳಿತು ಬರೆಯುತ್ತೇನೆ, ಅಡಿಕೆ ಸುಲಿಯುವವರು ಬಂದ ದಿನ ಜಗಲಿಯಲ್ಲಿ ಕುಳಿತು ಬರೆಯುತ್ತೇನೆ. ಆದರೂ ನಿಸ್ತಂತುವಾಗಿರುವುದು ಮನೆಯೊಳಗಿನ ಆ ಹತ್ತು ಹದಿನೈದು ಮೀಟರು ಮಾತ್ರ. ಅಲ್ಲಿಂದ ಮುಂದೆ ಬೆಂಗಳೂರಿನವರೆಗಿನ ಸುಮಾರು ನಾಲ್ಕು ನೂರು ಕಿಲೋಮೀಟರು ದಾರಿಯ ಬಹುಭಾಗ ಇಂದಿಗೂ ತಂತಿಯದೇ, ಗಾಜಿನ ತಂತಿಯದು.

ಆ ಗಾಜಿನ ಎಳೆ ನಮ್ಮ ಮನೆಗೆ ಬಂದದ್ದು 2021ರಲ್ಲಿ. ಊರಿನ ಹದಿನೆಂಟು ಮನೆಯವರು ಸೇರಿ ಹಣ ಹಾಕಿದ ಮೇಲೆ ಪೇಟೆಯ ಕೇಬಲ್ಲಿನವರು ರಸ್ತೆಯ ಕಂಬದಿಂದ ಕಂಬಕ್ಕೆ, ಕಂಬ ಮುಗಿದಲ್ಲಿ ಮರದಿಂದ ಮರಕ್ಕೆ ಅದನ್ನು ಎಳೆದರು. ಮುಂದಿನ ಮಳೆಗಾಲದಲ್ಲಿ ಹೊನ್ನೆ ಮರದ ಟೊಂಗೆ ಬಿದ್ದು ಅದು ತುಂಡಾಯಿತು. ರೂಟರಿನ ಪಕ್ಕದ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಲು ಶುರುವಾದರೆ ಬೆಳಕು ಬರುತ್ತಿಲ್ಲ ಎಂದು ಅರ್ಥ. ಮರುದಿನ ಬೈಕಿನಲ್ಲಿ ಬಂದ ಹುಡುಗ ಇಪ್ಪತ್ತೈದರ ಆಸುಪಾಸಿನವನು, ಡಿಪ್ಲೊಮಾ ಓದಿದವನು. ರಸ್ತೆಯ ಬದಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಯಂತ್ರವನ್ನಿಟ್ಟು, ‘ಅಕ್ಕಾ, ಕೊಡೆ ಸ್ವಲ್ಪ ಈ ಕಡೆ ಹಿಡೀರಿ, ಒಂದು ಹನಿ ಬಿದ್ರೂ ಮತ್ತೆ ಮೊದಲಿಂದ ಮಾಡಬೇಕು’ ಎಂದ. ಕೇಬಲ್ಲಿನ ಕಪ್ಪು ಸಿಪ್ಪೆ ಬಿಡಿಸಿ, ಒಳಗಿನ ಬಣ್ಣದ ಲೇಪವನ್ನು ಇಕ್ಕುಳದಿಂದ ಎಳೆದು, ಉಳಿದ ಎಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಕಾಗದದಿಂದ ಒರೆಸಿದ. ಹೊರ ಅಳತೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಬೆಳಕು ಹರಿಯುವ ತಿರುಳು ಅದರೊಳಗೆ ಒಂಬತ್ತು ಮೈಕ್ರೋಮೀಟರು, ತಲೆಗೂದಲಿಗಿಂತ ಎಷ್ಟೋ ಪಾಲು ತೆಳು. ಎರಡೂ ತುದಿಗಳನ್ನು ನೇರವಾಗಿ ಕತ್ತರಿಸಿ ಯಂತ್ರದೊಳಗೆ ಎದುರುಬದುರು ಇಟ್ಟಾಗ ಪರದೆಯ ಮೇಲೆ ಅವು ಎರಡು ದಪ್ಪ ಬೂದು ಕೊಳವೆಗಳಂತೆ ಕಂಡವು. ಯಂತ್ರ ತಾನಾಗಿ ಅವನ್ನು ಸರಿಹೊಂದಿಸಿ ಒಂದು ಕಿಡಿ ಹಾರಿಸಿತು, ಗಾಜು ಕರಗಿ ಗಾಜನ್ನು ಕೂಡಿತು. ಪರದೆಯ ಕೆಳಗೆ ನಷ್ಟ 0.02 ಡೆಸಿಬೆಲ್ ಎಂದು ಮೂಡಿತು. ಆ ಹುಡುಗ ಅಂಕೆಯನ್ನು ನನಗೆ ತೋರಿಸಿದ ರೀತಿಯಲ್ಲಿ, ಅಕ್ಕಸಾಲಿಗ ಬೆಸುಗೆಯನ್ನು ತೋರಿಸುವಾಗಿನ ಹೆಮ್ಮೆ ಇತ್ತು. ನನ್ನ ಕೆಲಸ ನನ್ನದು ಮಾತ್ರ ಎಂದು ಯೋಚಿಸುವಾಗಲೆಲ್ಲ ಅವನ ನೆನಪಾಗುತ್ತದೆ. ನಾನು ಬೇಕಾದಲ್ಲಿ ಕುಳಿತು ಕೆಲಸ ಮಾಡಲು ಅವನು ಬೇಕಾದ ಮಳೆಯಲ್ಲಿ ರಸ್ತೆಯ ಬದಿಗೆ ಕುಳಿತುಕೊಳ್ಳಬೇಕು.

ಕರೆಂಟಿನ ವಿಷಯ ಅಷ್ಟು ಕಷ್ಟದ್ದಲ್ಲ. ಈ ಗಾಜಿನ ಜಾಲದಲ್ಲಿ ಪೇಟೆಗೂ ಮನೆಗೂ ನಡುವೆ ವಿದ್ಯುತ್ ಬೇಡ. ಒಂದೇ ಎಳೆಯ ಬೆಳಕನ್ನು ಕರೆಂಟಿಲ್ಲದ ಸಣ್ಣ ವಿಭಾಜಕದಲ್ಲಿ ಒಡೆದು ಮೂವತ್ತೆರಡು, ಅರವತ್ತನಾಲ್ಕು ಮನೆಗಳಿಗೆ ಹಂಚುತ್ತಾರೆ. ಮನೆಯ ಪೆಟ್ಟಿಗೆಗೆ ಹತ್ತು ಹನ್ನೆರಡು ವ್ಯಾಟ್ ಸಾಕು. 12 ವೋಲ್ಟಿನ, 7 ಆಂಪಿಯರ್ ಗಂಟೆಯ ಸಣ್ಣ ಬ್ಯಾಟರಿಯೊಂದು ಅದನ್ನು ಆರೇಳು ಗಂಟೆ ನಡೆಸುತ್ತದೆ. ಊರಿಗೆ ಮರಳುವ ಯೋಚನೆಯಲ್ಲಿರುವವರಿಗೆ ನಾನು ಹೇಳುವುದು ಇಷ್ಟೇ: ದೊಡ್ಡ ವೇಗದ ಪ್ಲಾನಿಗೆ ಹಣ ಕೊಡುವ ಮೊದಲು ಆ ಬ್ಯಾಟರಿಗೆ ಕೊಡಿ.

ಇಷ್ಟೆಲ್ಲ ಆದ ಮೇಲೂ ವರ್ಷಕ್ಕೆ ನಾಲ್ಕಾರು ಬಾರಿ ಎರಡು ಮೂರು ದಿನಗಳ ಮಟ್ಟಿಗೆ ಎಲ್ಲವೂ ನಿಂತುಹೋಗುತ್ತದೆ. ಅಂಥ ದಿನಗಳನ್ನು ಹೇಗೆ ನೋಡಬೇಕು ಎಂಬುದರ ಮೇಲೆ ಕೆಲಸದ ಸ್ವಾತಂತ್ರ್ಯದ ಪ್ರಶ್ನೆಯೆಲ್ಲ ನಿಂತಿದೆ ಎಂದು ನನಗೀಗ ಅನಿಸುತ್ತದೆ. 1987ರಲ್ಲಿ, ಮದರಾಸಿನ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಮಹಾದೇವ ಸತ್ಯನಾರಾಯಣನ್ ಅವರು ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ತಮ್ಮ ತಂಡದೊಂದಿಗೆ ‘ಕೋಡಾ’ ಎಂಬ ಕಡತ ವ್ಯವಸ್ಥೆಯನ್ನು ಕಟ್ಟಲು ತೊಡಗಿದರು. ಜಾಲದ ಸಂಪರ್ಕ ಕಡಿದುಹೋಗುವುದು ಆಗಾಗ ಆಗಿಯೇ ಆಗುತ್ತದೆ, ಆದ್ದರಿಂದ ಅದನ್ನು ವ್ಯವಸ್ಥೆಯ ಸಹಜ ಸ್ಥಿತಿಗಳಲ್ಲಿ ಒಂದೆಂದು ಒಪ್ಪಿಕೊಂಡು ನಡೆಯಬೇಕು ಎಂಬುದು ಅವರ ವಿಚಾರ. ಕೋಡಾದಲ್ಲಿ ಬಳಕೆದಾರನ ಯಂತ್ರಕ್ಕೆ ಮೂರು ಸ್ಥಿತಿಗಳು. ಸಂಪರ್ಕವಿದ್ದಾಗ ಮುಂದೆ ಬೇಕಾಗಬಹುದಾದ ಕಡತಗಳನ್ನು ತಂದು ಕೂಡಿಟ್ಟುಕೊಳ್ಳುವುದು; ಸಂಪರ್ಕ ತಪ್ಪಿದಾಗ ಕೂಡಿಟ್ಟದ್ದರ ಮೇಲೆಯೇ ಕೆಲಸ ನಡೆಸಿ, ಬದಲಾವಣೆಗಳನ್ನೆಲ್ಲ ಬರೆದಿಡುವುದು; ಸಂಪರ್ಕ ಮರಳಿದಾಗ ಅವನ್ನು ಮೂಲದೊಂದಿಗೆ ಕೂಡಿಸುವುದು.

ಇದನ್ನು ಮೊದಲ ಬಾರಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಅಟ್ಟ. ಮೇ ತಿಂಗಳು ಮುಗಿಯುವುದರೊಳಗೆ ಕಟ್ಟಿಗೆ ಒಣಗಿಸಿ ಕೊಟ್ಟಿಗೆಯ ಪಕ್ಕ ಒಟ್ಟುವುದು, ಹಪ್ಪಳ, ಸಂಡಿಗೆ, ಅಪ್ಪೆಮಿಡಿಯ ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಒಣಗಿಸಿದ ಮುರುಗಲು ಸಿಪ್ಪೆ, ದನಗಳಿಗೆ ಹುಲ್ಲು. ಹಳ್ಳ ತುಂಬಿ ಸಂಕ ಮುಳುಗಿ ಪೇಟೆಯ ದಾರಿ ಕಡಿದುಹೋಗುತ್ತದೆ ಎಂಬುದು ಆಯಿಗೆ ಮೊದಲೇ ಗೊತ್ತು. ದಾರಿ ಕಡಿದ ದಿನ ಅವಳ ಅಡುಗೆ ನಿಲ್ಲುವುದಿಲ್ಲ. ಪೇಟೆಯ ದಾರಿ ಯಾವಾಗಲೂ ತೆರೆದಿರುತ್ತದೆ ಎಂಬ ನಂಬಿಕೆಯ ಮೇಲೆ ಸಂಸಾರ ನಡೆಸುವವರು ಮಳೆಗಾಲದಲ್ಲಿ ಕಂಗಾಲಾಗುತ್ತಾರೆ. ನನ್ನ ಕಂಪನಿ ಹಾಗೆಯೇ ನಡೆಯುತ್ತಿತ್ತು. ಕೆಲಸದ ಕಡತಗಳೆಲ್ಲ ಬ್ರೌಸರಿನಲ್ಲಿ ಮಾತ್ರ ತೆರೆಯುತ್ತಿದ್ದವು, ದಿನಕ್ಕೆ ಮೂರು ವಿಡಿಯೋ ಮೀಟಿಂಗು, ಏನನ್ನೇ ಕೇಳಿದರೂ ಆ ಕ್ಷಣಕ್ಕೆ ಉತ್ತರ ಬರಬೇಕು. ಮೊದಲ ಮಳೆಗಾಲದಲ್ಲಿ ಎರಡು ದಿನ ನಾನು ಕಾಣಿಸಿಕೊಳ್ಳದೆ ಹೋದಾಗ, ಊರಿನಲ್ಲಿದ್ದುಕೊಂಡು ನೌಕರಿಯನ್ನು ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬ ಮಾತನ್ನು ಕೇಳಬೇಕಾಗಿ ಬಂತು. ಆ ಎರಡು ದಿನವೂ ನಾನು ಲಾಟೀನಿನ ಬೆಳಕಿನಲ್ಲಿ ನೋಟ್‌ಪುಸ್ತಕದಲ್ಲಿ ಒಂದು ಅಧ್ಯಾಯ ಪೂರ್ತಿ ಬರೆದಿದ್ದೆ. ಆ ಮಾತು ನನಗೆ ಬಹಳ ದಿನ ನೋವು ಕೊಟ್ಟಿತು.

ನಂತರ ಬಂದ ಹೊಸ ಮೇಲಧಿಕಾರಿಯ ಮುಂದೆ ನಾನು ಈ ಸಂಗತಿಯನ್ನು ವಿವರವಾಗಿ ಇಟ್ಟೆ. ಅವರು ಕೇಳಿಸಿಕೊಂಡರು. ನಮ್ಮ ಕೈಪಿಡಿಗಳನ್ನೆಲ್ಲ ಸಾದಾ ಪಠ್ಯದ ಕಡತಗಳಾಗಿ ಮಾಡಿ ಗಿಟ್ ವ್ಯವಸ್ಥೆಗೆ ಹಾಕಿದೆವು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು ಲಿನಕ್ಸ್ ತಂತ್ರಾಂಶದ ಕೆಲಸಕ್ಕೆಂದು ರೂಪಿಸಿದ ಇದರಲ್ಲಿ ಪ್ರತಿಯೊಬ್ಬರ ಯಂತ್ರದಲ್ಲಿಯೂ ಇಡೀ ಕೆಲಸದ ಪೂರ್ತಿ ಪ್ರತಿ ಇರುತ್ತದೆ. ಜಾಲವಿಲ್ಲದೆ ವಾರಗಟ್ಟಲೆ ದುಡಿದು, ಸಿಕ್ಕಾಗ ಎಲ್ಲವನ್ನೂ ಒಟ್ಟಿಗೆ ಕಳಿಸಬಹುದು. ಮೂರು ಮೀಟಿಂಗುಗಳು ಒಂದಾದವು, ಅದೂ ವಿಡಿಯೋ ಇಲ್ಲದೆ. ಮುಖ ಕಾಣಿಸಲು ಸೆಕೆಂಡಿಗೆ ಒಂದು ಮೆಗಾಬಿಟ್ಟಿನ ಲೆಕ್ಕದಲ್ಲಿ ಬೇಕಾದರೆ ದನಿ ಕೇಳಿಸಲು ನೂರು ಕಿಲೋಬಿಟ್ ಸಾಕು, ಬೆಟ್ಟದ ಮೇಲಿನ ಒಂದು ಕಡ್ಡಿ ಅಷ್ಟನ್ನು ಕೊಡುತ್ತದೆ. ಈ ಬದಲಾವಣೆಯ ಪ್ರಯೋಜನ ನನಗೊಬ್ಬಳಿಗೇ ಸಿಕ್ಕಿತು ಎಂದುಕೊಂಡಿದ್ದೆ. ಬೆಂಗಳೂರಿನಲ್ಲಿಯೇ ಇರುವ, ಎರಡು ವರ್ಷದ ಮಗುವಿನ ತಾಯಿಯಾದ ಸಹೋದ್ಯೋಗಿಯೊಬ್ಬಳು, ಮಗು ಮಲಗಿದಾಗ ಕೆಲಸ ಮಾಡಲು ಈಗ ಸಾಧ್ಯವಾಗಿದೆ ಎಂದು ತಾನಾಗಿ ಬರೆದು ತಿಳಿಸಿದಾಗ, ಅವಳ ಮನೆಯಲ್ಲಿ ಎಂದೂ ಜಾಲ ಕಡಿಯದಿದ್ದರೂ ಅವಳೂ ಅದೇ ಕಷ್ಟದಲ್ಲಿದ್ದಳೆಂದು ಅರ್ಥವಾಯಿತು.

ಈ ವಿಷಯದಲ್ಲಿ ನನಗಿಂತ ಮೊದಲೇ ದಾರಿ ಕಂಡುಕೊಂಡವರು ನಮ್ಮ ಕೊನೆಗೌಡರು. ಅಡಿಕೆ ಮರ ಹತ್ತಿ ಮಳೆಗಾಲದಲ್ಲಿ ಕೊಳೆರೋಗದ ಔಷಧ ಹೊಡೆಯುವವರೂ, ಸುಗ್ಗಿಯಲ್ಲಿ ಕೊನೆ ಕೊಯ್ಯುವವರೂ ಅವರೇ. ಮೈಲುತುತ್ತು, ಸುಣ್ಣ ತಲಾ ಒಂದು ಕಿಲೋ, ನೀರು ನೂರು ಲೀಟರ್ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಗೊನೆಗೆ ಹಿಡಿಯಬೇಕಾದರೆ ಮಳೆ ನಿಂತು ಕೆಲವು ಗಂಟೆಯಾದರೂ ಹೊಳವಾಗಬೇಕು. ಜುಲೈ ತಿಂಗಳಿನಲ್ಲಿ ಅಂಥ ಒಂದು ಹೊಳ ಸಿಕ್ಕರೆ ಏಳೆಂಟು ತೋಟದವರಿಗೂ ಅವರು ಅದೇ ದಿನ ಬೇಕು. ಮೊದಲು ಹಿಂದಿನ ಸಂಜೆಯೇ ಅವರ ಮನೆಗೆ ಹೋಗಿ ಹೇಳಿಬರಬೇಕಿತ್ತು. ರಾತ್ರಿ ಮಳೆ ಹಿಡಿದರೆ ಅವರ ದಿನವೂ ವ್ಯರ್ಥ, ನಮ್ಮ ದಿನವೂ ವ್ಯರ್ಥ. ಮೊಬೈಲು ಬಂದ ಮೇಲೆ ಬೆಳಗಿನ ಜಾವ ಆಕಾಶ ನೋಡಿ ಯಾರ ತೋಟಕ್ಕೆ ಮೊದಲು ಎಂದು ಅವರೇ ತೀರ್ಮಾನಿಸುತ್ತಾರೆ. ಮರದ ಮೇಲಿರುವಾಗಲೂ ಫೋನು ಬಡಿದುಕೊಳ್ಳಲು ತೊಡಗಿದಾಗ ಅವರು ಮಾಡಿದ್ದು ಸರಳವಾದ ಏರ್ಪಾಡು. ಫೋನನ್ನು ಮನೆಯಲ್ಲಿ ಹೆಂಡತಿಯ ಕೈಯಲ್ಲಿ ಬಿಟ್ಟರು. ಆಕೆ ಗೋಡೆಯ ಕ್ಯಾಲೆಂಡರಿನಲ್ಲಿ ಕರೆ ಬಂದ ಸರದಿಯಲ್ಲಿ ಹೆಸರು ಬರೆದಿಡುತ್ತಾರೆ. ಮಧ್ಯಾಹ್ನ ಊಟಕ್ಕೆ ಹೋದಾಗ ಗೌಡರು ಅದನ್ನು ನೋಡಿ ಒಬ್ಬೊಬ್ಬರಿಗಾಗಿ ತಿರುಗಿ ಫೋನು ಮಾಡುತ್ತಾರೆ. ‘ಮರದ ಮೇಲೆ ಇದ್ದಾಗ ಮರದ ಕೆಲಸ ಒಂದೇ’ ಎಂದು ಅವರು ಅಪ್ಪನ ಹತ್ತಿರ ಹೇಳಿದ್ದನ್ನು ಕೇಳಿದ್ದೇನೆ. ನಲವತ್ತಡಿ ಎತ್ತರದಲ್ಲಿರುವವನು ಆ ಮಾತು ಹೇಳಿದರೆ ಯಾರೂ ಎದುರಾಡುವುದಿಲ್ಲ. ಮೇಜಿನ ಮುಂದಿರುವವರು ಹೇಳಿದರೆ ಮಾತ್ರ ಅದು ಸೋಮಾರಿತನವೆನಿಸಿಕೊಳ್ಳುವುದು ಯಾಕೆ ಎಂದು ನಾನು ಕೇಳಿಕೊಂಡಿದ್ದೇನೆ.

ಜಾಗದ ಕಟ್ಟು ಸಡಿಲವಾದ ಹೊತ್ತಿಗೆ ಹೊತ್ತಿನ ಕಟ್ಟು ಬಿಗಿಯಾಗಿದೆ. ಬೆಂಗಳೂರಿನ ಕಚೇರಿಯಿಂದ ಹೊರಟ ಮೇಲೆ ಬಸ್ಸಿನಲ್ಲಿದ್ದಾಗ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಈಗ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೂ ಸಂದೇಶ ಬರುತ್ತದೆ. ಇದಕ್ಕೆ ಕೆಲವು ದೇಶಗಳು ಕಾನೂನು ಮಾಡಿವೆ. ಕೆಲಸದ ಅವಧಿಯ ಆಚೆ ಸಂಪರ್ಕದಿಂದ ಹೊರಗಿರುವ ಹಕ್ಕು ಫ್ರಾನ್ಸಿನಲ್ಲಿ 2017ರ ಜನವರಿಯಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ ಇದೆ. ನಮ್ಮ ಲೋಕಸಭೆಯಲ್ಲಿ 2018ರಲ್ಲಿ ಸುಪ್ರಿಯಾ ಸುಳೆ ಅವರು ಇಂಥದೇ ಖಾಸಗಿ ಮಸೂದೆಯನ್ನು ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಎಲ್ಲಿಂದ ಕೆಲಸ ಮಾಡಬಹುದು ಎಂಬುದರ ನಿಯಮಗಳು ಮಾತ್ರ ಬೇಗ ಸಡಿಲಗೊಂಡವು: ಬಿಪಿಒ ಮೊದಲಾದ ಸೇವೆಗಳ ಕಂಪನಿಗಳು ನೌಕರರನ್ನು ಮನೆಯಿಂದ ದುಡಿಸಲು ದೂರಸಂಪರ್ಕ ಇಲಾಖೆ ವಿಧಿಸಿದ್ದ ಷರತ್ತುಗಳನ್ನು 2020ರ ನವೆಂಬರಿನಲ್ಲಿಯೇ ತೆಗೆದುಹಾಕಲಾಯಿತು. ಎರಡರಲ್ಲಿ ಒಂದನ್ನು ಮಾತ್ರ ಕೊಟ್ಟರೆ ಅದನ್ನು ಪೂರ್ತಿ ಸ್ವಾತಂತ್ರ್ಯ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ತಂಡದಲ್ಲಿ ಈಗ ಸಂಜೆ ಏಳರ ನಂತರದ ಸಂದೇಶಕ್ಕೆ ಮರುದಿನ ಉತ್ತರಿಸಿದರೆ ಸಾಕು ಎಂಬ ಒಪ್ಪಂದವಿದೆ. ಅದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಈಗಿನ ಮೇಲಧಿಕಾರಿ ಬೇರೆ ಕಡೆ ಹೋದರೆ ಅದರ ಗತಿಯೇನು ಎಂಬ ಚಿಂತೆ ನನಗಿದೆ.

ಕಳೆದ ಜುಲೈ ತಿಂಗಳಿನಲ್ಲಿ ಐದು ದಿನ ಕರೆಂಟೂ ಇಲ್ಲ, ಜಾಲವೂ ಇಲ್ಲ. ಗಾಳಿಮಳೆಯ ಮುನ್ಸೂಚನೆ ಕಂಡ ಹಿಂದಿನ ರಾತ್ರಿಯೇ ಬೇಕಾದ ಕಡತ, ಚಿತ್ರಗಳನ್ನೆಲ್ಲ ಇಳಿಸಿಕೊಂಡಿದ್ದೆ, ತಂಡಕ್ಕೆ ತಿಳಿಸಿಯೂ ಇದ್ದೆ. ಮನೆಯ ಇನ್ವರ್ಟರಿನಿಂದ ದಿನಕ್ಕೊಮ್ಮೆ ಲ್ಯಾಪ್‌ಟಾಪ್ ಚಾರ್ಜು ಮಾಡಿ, ಪರದೆಯ ಬೆಳಕು ತಗ್ಗಿಸಿ, ಮೂರು ದಿನ ಹಾಗೂ ಆಮೇಲೆ ನೋಟ್‌ಪುಸ್ತಕದಲ್ಲಿ ಇನ್ನೆರಡು ದಿನ ಕೆಲಸ ಸಾಗಿತು. ಐದನೆಯ ದಿನ ಸಂಜೆ ನಾಲ್ಕಕ್ಕೆ ಪೆಟ್ಟಿಗೆಯ ದೀಪ ಹಸಿರಾಯಿತು. ಮೂವತ್ತೊಂದು ಬದಲಾವಣೆಗಳು ಒಂದು ನಿಮಿಷದೊಳಗೆ ಹೋದವು. ಒಂದು ಪುಟದಲ್ಲಿ ಮಾತ್ರ, ನಾನು ತಿದ್ದಿದ ಪ್ಯಾರಾವನ್ನೇ ಆ ಮಗುವಿನ ತಾಯಿಯೂ ಬೇರೆ ರೀತಿಯಲ್ಲಿ ತಿದ್ದಿದ್ದಳು. ಯಂತ್ರ ಎರಡನ್ನೂ ಒಂದರ ಕೆಳಗೆ ಒಂದಿಟ್ಟು ತೋರಿಸಿ ನಿಂತಿತು. ಫೋನಿನಲ್ಲಿ ಇಬ್ಬರೂ ಮಾತಾಡಿ, ಅವಳ ಮೊದಲ ವಾಕ್ಯವನ್ನೂ ನನ್ನ ಉಳಿದ ಭಾಗವನ್ನೂ ಇಟ್ಟುಕೊಂಡೆವು, ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಕೊನೆಗೌಡರ ಮನೆಯಿಂದ ಕರೆ ಬಂತು: ನಾಳೆ ಹೊಳವಾಗುವ ಲಕ್ಷಣವಿದೆ, ಮೊದಲ ಸರದಿ ನಮ್ಮದೇ. ಮರುದಿನ ಬೆಳಗ್ಗೆ ಏಳರಿಂದ ಒಂದರವರೆಗೆ ತೋಟದಲ್ಲಿರುತ್ತೇನೆ, ಮಧ್ಯಾಹ್ನ ಎರಡರಿಂದ ಕೆಲಸಕ್ಕೆ ಕೂರುತ್ತೇನೆ ಎಂದು ತಂಡದ ಕ್ಯಾಲೆಂಡರಿನಲ್ಲಿ ಬರೆದೆ. ‘ಆಗಲಿ, ಕಡತಗಳು ಬಂದಿವೆ’ ಎಂದು ಮೇಲಧಿಕಾರಿಯ ಉತ್ತರ ಬಂತು. ಅಪ್ಪ ಆಗಲೇ ಮೈಲುತುತ್ತನ್ನು ಬಟ್ಟೆಯಲ್ಲಿ ಕಟ್ಟಿ ನೀರಿನ ಡ್ರಮ್ಮಿನಲ್ಲಿ ಇಳಿಬಿಟ್ಟಿದ್ದರು. ಸುಣ್ಣವನ್ನು ಇನ್ನೊಂದು ಡ್ರಮ್ಮಿನಲ್ಲಿ ನಾನು ನೆನೆಹಾಕಿದೆ.